ಎಡಗೈಯ ಮೇಸ್ತ್ರಿ

ಮೇಸ್ತ್ರಿ ಸತ್ತ ಮೇಲೆ ನಾಗರಾಜುವಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಕೇಳಿದವರಿಗೆಲ್ಲ ಉತ್ತರ ಹೇಳುವುದು.

ಕೂಡಿಗೆಯ ಹತ್ತಿರದ ತನ್ನ ಊರಿನಿಂದ ಕುಶಾಲನಗರಕ್ಕೆ, ಅಲ್ಲಿಂದ ಸುಂಟಿಕೊಪ್ಪದ ಮೇಲೆ ಮಡಿಕೇರಿಗೆ ಅವನು ಲಗೇಜ್ ಗಾಡಿ ಓಡಿಸುತ್ತಿದ್ದ. ಎಲೆಕೋಸು, ಶುಂಠಿ, ಗೆಣಸು, ಮೊಟ್ಟೆ, ಮದುವೆ ಮನೆಯ ಪಾತ್ರೆ, ಯಾರು ಏನು ಹೇರಿದರೂ ಒಯ್ದು ಇಳಿಸುವ ಕೆಲಸ. ಏಳು ವರ್ಷ ಆ ಗಾಡಿಯಲ್ಲಿ ಅವನ ಎಡಗಡೆಯ ಸೀಟಿನಲ್ಲಿ ಒಂದು ಕಂದು ನಾಯಿ ಕೂತಿರುತ್ತಿತ್ತು. ಲೋಡು ಇಳಿಸುವಾಗ ಅದೂ ಕೆಳಗೆ ಹಾರಿ ಒಂದು ಪಕ್ಕದಲ್ಲಿ ನಿಂತು ಮೂಟೆ ಹೊರುವವರನ್ನು ಗಮನಿಸುತ್ತಿತ್ತು. ಯಾರಾದರೂ ಮೂಟೆ ಇಳಿಸಿ ಬೀಡಿ ಹಚ್ಚಿದರೆ ಅವರ ಎದುರಿಗೆ ಹೋಗಿ ಮುಖ ನೋಡುತ್ತಾ ನಿಲ್ಲುತ್ತಿತ್ತು. ಸುಂಟಿಕೊಪ್ಪದಲ್ಲಿ ಹೋಟೆಲು ಇಟ್ಟಿದ್ದ ಮೊಣ್ಣಪ್ಪ ಅದನ್ನು ನೋಡಿ, "ಇದು ನಾಯಿ ಅಲ್ಲ ಮಾರಾಯ, ಯಾವುದೋ ಎಸ್ಟೇಟಿನ ಮೇಸ್ತ್ರಿ" ಎಂದಿದ್ದ. ಆ ಹೆಸರೇ ನಿಂತುಬಿಟ್ಟಿತು.

ಬೇಸಿಗೆಯ ಮೊದಲಿಗೆ ಬರುವ ಕಾಫಿ ಹೂವಿನ ಮಳೆ ಇನ್ನೂ ಬಿದ್ದಿರಲಿಲ್ಲ, ಆಗ ಮೇಸ್ತ್ರಿ ಊಟ ಬಿಟ್ಟಿತು. ಪಶು ಡಾಕ್ಟರು ಕಿಡ್ನಿ ಹೋಗಿದೆ ಎಂದು ಹೇಳಿ ಡ್ರಿಪ್ ಹಾಕಿದರು. ಸ್ವಲ್ಪ ಚೇತರಿಸಿಕೊಂಡಂತೆ ಕಂಡಿತು, ಮತ್ತೆ ಮಲಗಿತು. ಒಂದು ಬೆಳಿಗ್ಗೆ ನಾಗರಾಜು ಗಾಡಿ ಸ್ಟಾರ್ಟ್ ಮಾಡಿದಾಗ ಸದ್ದು ಕೇಳಿ ಏಳಲು ನೋಡಿತು, ಮುಂಗಾಲು ಊರಿತು, ಆಗಲಿಲ್ಲ. ಅವನು ಎಂಜಿನ್ ನಿಲ್ಲಿಸಿ ಬಂದು ಪಕ್ಕದಲ್ಲಿ ಕೂತ. ಅಂಗಳಕ್ಕೆ ಬಿಸಿಲು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಜೋಳದ ಹೊಲದ ಬದಿಯಲ್ಲಿ ಗುಂಡಿ ತೋಡಿ, ಉಪ್ಪು ಹಾಕಿ ಮಣ್ಣು ಮಾಡಿದ.

ಆಮೇಲೆ ದಾರಿಯುದ್ದಕ್ಕೂ ಅದೇ ಪ್ರಶ್ನೆ. ಮೇಸ್ತ್ರಿ ಎಲ್ಲಿ? ರಜೆಯಾ? ಅವನು ಹೋಗ್ಬಿಟ್ಟ ಎನ್ನುತ್ತಿದ್ದ. ಹೇಗೆ, ಯಾವಾಗ, ಏನಾಗಿತ್ತು ಎಂದು ಅವರು ಮತ್ತೆ ಕೇಳುವರು. ಒಂದೇ ಮಾತನ್ನು ಹಗಲೆಲ್ಲ ಹೇಳಿ ಹೇಳಿ ಸಂಜೆ ಮನೆಗೆ ಬಂದರೆ ಹೆಂಡತಿ ಮಾನಸಳೊಂದಿಗೆ ಆಡಲು ಅವನಲ್ಲಿ ಮಾತೇ ಉಳಿಯುತ್ತಿರಲಿಲ್ಲ. ಮೊಣ್ಣಪ್ಪನ ಹೋಟೆಲಿನ ಎದುರು ನಿಲ್ಲಿಸದೆ ಮುಂದೆ ಹೋಗತೊಡಗಿದ.

ತಿಂಗಳೆರಡು ಕಳೆಯಿತು. ಒಂದು ದಿನ ಮಡಿಕೇರಿಗೆ ಹೋಗಿ ವಾಪಸು ಬರುವಾಗ, ಇವತ್ತು ಯಾರೂ ಕೇಳಲಿಲ್ಲವಲ್ಲ ಎಂದು ಅವನಿಗೆ ಹೊಳೆಯಿತು. ಮರುದಿನವೂ ಯಾರೂ ಕೇಳಲಿಲ್ಲ. ಎಡಗಡೆಯ ಸೀಟಿನ ಮೇಲೆ ಯಾರೋ ಮೊಟ್ಟೆಯ ಟ್ರೇ ಇಟ್ಟರು, ಇನ್ಯಾರೋ ಕೊಡೆ ಇಟ್ಟರು. ಕೇಳುವಾಗ ಆಗುತ್ತಿದ್ದ ಸಂಕಟಕ್ಕಿಂತ ಇದು ಹೆಚ್ಚಾಯಿತು. ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡುವವನೊಬ್ಬ ತನ್ನ ತಾಯಿಯ ಮುಖವನ್ನು ತೋಳಿನ ಮೇಲೆ ಟ್ಯಾಟೂ ಹಾಕಿಸಿಕೊಂಡದ್ದನ್ನು ಅವನು ನೋಡಿದ್ದು ಆ ವಾರದಲ್ಲೇ.

ತಾನೂ ಮೇಸ್ತ್ರಿಯ ಮುಖ ಹಾಕಿಸಿಕೊಳ್ಳುವುದಾಗಿ ಮನೆಯಲ್ಲಿ ಹೇಳಿದಾಗ ಮಾನಸ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಿ ಅವನನ್ನೇ ನೋಡಿದಳು.

"ಅಪ್ಪ ಅಮ್ಮನ ಮುಖ ಹಾಕಿಸ್ಕೊಳ್ಳೋರನ್ನ ನೋಡಿದೀನಿ. ನಾಯಿ ಮುಖ ಯಾರು ಹಾಕಿಸ್ಕೋತಾರೆ?"

"ಹಾಕಿಸ್ಕೋಬೇಕು ಅನ್ನಿಸ್ತು."

"ಮದುವೆಯಾಗಿ ಇಷ್ಟು ವರ್ಷ ಆಯ್ತು. ನನ್ನ ಹೆಸರು ಬರೆಸ್ಕೋಬೇಕು ಅಂತ ಒಂದು ದಿನಾನಾದ್ರೂ ಅನ್ನಿಸ್ತಾ ನಿಮಗೆ?"

"ನೀನು ಇಲ್ಲೇ ಇದೀಯಲ್ಲ" ಎಂದ ನಾಗರಾಜು.

ಅವಳಿಗೆ ನಗು ಬಂತು. ಆದರೂ ಬಿಡಲಿಲ್ಲ. ಕೈಯಲ್ಲಿ ನಾಯಿ ಇಟ್ಟುಕೊಂಡು ದೇವಸ್ಥಾನಕ್ಕೆ ಹೋಗುತ್ತೀರಾ, ನಿಮ್ಮ ತಂಗಿಯ ಮನೆಯವರು ನಗುವುದಿಲ್ಲವೇ ಎಂದು ಕೇಳಿದಳು. ನಾಗರಾಜುವಿನ ತಾಯಿ ಹುಚ್ಚಮ್ಮ ಜಗುಲಿಯ ಮೇಲೆ ಕಾಲು ಚಾಚಿ ಕೂತು ಇದನ್ನೆಲ್ಲ ಕೇಳುತ್ತಿದ್ದಳು. ಅವಳ ಎರಡು ಮುಂಗೈಗಳಲ್ಲೂ ಹಸಿರು ಹಚ್ಚೆ ಇತ್ತು. ಅರಕಲಗೂಡಿನ ಕಡೆಯ ತವರಿನಲ್ಲಿ, ಚಿಕ್ಕ ಹುಡುಗಿಯಾಗಿದ್ದಾಗ ಹುಯ್ಯಿಸಿದ್ದು. ಚರ್ಮ ಸುಕ್ಕಾಗಿ ರಂಗೋಲಿ ಗುರುತು ಸಿಗದಷ್ಟು ಮಾಸಿತ್ತು.

"ಯಾವ ಕೈಗೆ?" ಎಂದಳು ಹುಚ್ಚಮ್ಮ.

"ಎಡಗೈಗೆ ಕಣವ್ವ. ಅವನು ಕೂರ್ತಿದ್ದದ್ದು ಎಡಗಡೆ ಅಲ್ವಾ."

"ನೋವಾಯ್ತದೆ ಕಣ್ಲಾ. ಸೂಜಿ ಇಳಿಸುವಾಗ ಕೈ ಎಳ್ಕೋಬ್ಯಾಡ, ಗೆರೆ ಸೊಟ್ಟಾಯ್ತದೆ. ಇಲ್ನೋಡು." ತನ್ನ ಮಣಿಕಟ್ಟಿನ ಹತ್ತಿರ ಅಡ್ಡಾದಿಡ್ಡಿ ಓಡಿದ ಒಂದು ಗೆರೆ ತೋರಿಸಿದಳು. "ನಮ್ಮವ್ವ ಕಾಲು ಹಿಡ್ಕೊಂಡಿದ್ಲು, ಕೈ ಹಿಡಿಯೋದು ಮರೆತಿದ್ಲು."

ಅತ್ತೆಯೇ ಹೀಗೆಂದ ಮೇಲೆ ಮಾನಸ ಅಕ್ಕಿಯ ಮೊರ ಎತ್ತಿಕೊಂಡು ಒಳಗೆ ಹೋದಳು.

ಟ್ಯಾಟೂ ಹಾಕುವ ನಿರಂಜನ್ ಮಡಿಕೇರಿಯಲ್ಲಿ ಮೊಬೈಲ್ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ ಮಾಡಿಕೊಂಡಿದ್ದ. ಮೈಸೂರಿನಲ್ಲಿ ಚಿತ್ರಕಲೆ ಓದಿದವನು. ಗೋಡೆಯ ತುಂಬ ಹುಲಿ, ಸಿಂಹ, ಗರುಡ, ಶಿವನ ಚಿತ್ರಗಳಿದ್ದವು. ನಾಗರಾಜು ಮೊಬೈಲಿನಲ್ಲಿದ್ದ ಫೋಟೊ ತೋರಿಸಿದ. ಗಾಡಿಯ ಕಿಟಕಿಯಿಂದ ಮುಖ ಹೊರಗೆ ಹಾಕಿದ ಮೇಸ್ತ್ರಿ, ಗಾಳಿಗೆ ಕಣ್ಣು ಅರೆ ಮುಚ್ಚಿದೆ, ಒಂದು ಕಿವಿಯ ತುದಿ ಮಡಚಿದೆ. ಮೂಗಿನ ಮೇಲೆ ಓರೆಯಾಗಿ ಒಂದು ಬಿಳಿ ಗೆರೆ. ನಿರಂಜನ್ ಆ ಗೆರೆಯನ್ನು ಮೊಬೈಲಿನ ಗಾಜಿನ ಮೇಲಿನ ಗೀರು ಎಂದುಕೊಂಡು ಹೆಬ್ಬೆರಳಿನಲ್ಲಿ ಒರೆಸಿದ.

"ಅದು ಹೋಗಲ್ಲ. ಗಾಯದ ಗುರುತು" ಎಂದ ನಾಗರಾಜು. "ನಂಗೆ ಸಿಕ್ಕಾಗ್ಲೇ ಇತ್ತು. ಹೆಂಗಾಯ್ತೋ ಗೊತ್ತಿಲ್ಲ."

ನಿರಂಜನ್ ಫೋಟೊವನ್ನು ದೊಡ್ಡದು ಮಾಡಿ, ಕಾಗದದ ಮೇಲೆ ಗೆರೆ ತೆಗೆದು, ಮುಂಗೈಯ ಒಳಭಾಗದ ಕೂದಲು ಬೋಳಿಸಿ, ಅಚ್ಚು ಒತ್ತಿದ. ನೇರಳೆ ಗೆರೆಗಳಲ್ಲಿ ಮುಖ ಮೂಡಿತು. ಕೆಳಗೆ ಹೆಸರು ಬರೆಯಲೇ ಎಂದು ಕೇಳಿದ.

"ಬೇಡ. ಮೇಸ್ತ್ರಿ ಅಂತ ಬರೆದ್ರೆ ಯಾವ ಎಸ್ಟೇಟು ಅಂತಾರೆ."

ಮಷೀನು ಗುಂಯ್ ಎಂದು ಶುರುವಾಯಿತು. ಮೊದಲ ಗೆರೆಗೇ ನಾಗರಾಜುವಿನ ಕಣ್ಣಲ್ಲಿ ನೀರು ಬಂತು. ಅವ್ವನ ಮಾತು ನೆನಪಾಗಿ ಕೈ ಅಲುಗಿಸಲಿಲ್ಲ. ಅವನ ಗಮನ ಬೇರೆ ಕಡೆಗೆ ತಿರುಗಲಿ ಎಂದು ನಿರಂಜನ್, ನಾಯಿ ಎಲ್ಲಿ ಸಿಕ್ಕಿದ್ದು ಅಣ್ಣ ಎಂದು ಕೇಳಿದ.

ನಾಗರಾಜು ಹೇಳಿದ. ಎರಡು ಸಾವಿರದ ಹದಿನೆಂಟರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದಾಗ ಕುಶಾಲನಗರದಲ್ಲೂ ಹೊಳೆ ಊರೊಳಗೆ ಬಂದಿತ್ತು. ನೀರು ಇಳಿದ ಮೇಲೆ ಅಲ್ಲಿನ ಜನ ಅಕ್ಕಿ, ಚಾಪೆ, ಕಂಬಳಿ ಒಟ್ಟು ಮಾಡಿ ಅವನ ಗಾಡಿಯಲ್ಲಿ ಮಡಿಕೇರಿಯ ಪರಿಹಾರ ಕೇಂದ್ರಕ್ಕೆ ಕಳಿಸಿದರು. ಕೇಂದ್ರವಿದ್ದ ಸಭಾಂಗಣದ ಬಾಗಿಲಲ್ಲಿ ಮೈಯೆಲ್ಲ ಕೆಸರಾದ ನಾಯಿಯೊಂದು ಒಳಗೆ ಹೋಗುವವರನ್ನೂ ಹೊರಗೆ ಬರುವವರನ್ನೂ ಮೂಸುತ್ತಿತ್ತು. ಮೂಸಿ, ಇವರಲ್ಲ ಎಂಬಂತೆ ಹಿಂದೆ ಸರಿದು, ಮುಂದಿನವರ ಹತ್ತಿರ ಹೋಗುತ್ತಿತ್ತು. ಅವನು ಹೋದಾಗಲೆಲ್ಲ ಅದು ಅಲ್ಲೇ ಇತ್ತು. ಕೊನೆಗೊಂದು ದಿನ ಗಾಡಿ ಖಾಲಿ ಮಾಡಿ ಹೊರಟಾಗ ಎಡಗಡೆಯ ಸೀಟಿನ ಮೇಲೆ ಹತ್ತಿ ಕೂತಿತ್ತು.

"ಇಳಿಸ್ದೆ. ಮತ್ತೆ ಹತ್ತಿದ. ಒಳಗೆಲ್ಲ ಕೇಳ್ದೆ, ಯಾರದ್ದೂ ಅಲ್ಲ ಅಂದ್ರು. ಕಾವಲಿನವನ ಹತ್ರ ನನ್ನ ಫೋನ್ ನಂಬರ್ ಕೊಟ್ಟು ಬಂದಿದ್ದೆ. ಯಾರೂ ಮಾಡ್ಲಿಲ್ಲ."

"ಮಾಡಿದ್ರೆ ಕೊಡ್ತಿದ್ರಾ?"

"ಮೊದಲನೇ ತಿಂಗಳು ಕೊಡ್ತಿದ್ದೆ" ಎಂದ.

ಊಟದ ಹೊತ್ತು ಮೀರಿದ ಮೇಲೆ ಕೆಲಸ ಮುಗಿಯಿತು. ರಕ್ತ, ಮಸಿ ಒರೆಸಿ, ಮುಲಾಮು ಹಚ್ಚಿ, ತೆಳು ಪ್ಲಾಸ್ಟಿಕ್ ಸುತ್ತಿ, ಬಿಸಿಲು ತಾಗಿಸಬೇಡಿ, ಹಕ್ಕಳೆ ಕೀಳಬೇಡಿ ಎಂದು ನಿರಂಜನ್ ಕಳಿಸಿಕೊಟ್ಟ. ಮಾನಸ ಪ್ಲಾಸ್ಟಿಕ್ ಬಿಚ್ಚಿಸಿ ತುಂಬ ಹೊತ್ತು ನೋಡಿದಳು. "ಕಣ್ಣು ಸ್ವಲ್ಪ ದೊಡ್ಡದಾಯ್ತು" ಎಂದಷ್ಟೇ ಹೇಳಿ, ಮಲಗುವಾಗ ತಾನೇ ಮುಲಾಮು ಹಚ್ಚಿದಳು. ಹುಚ್ಚಮ್ಮ ಕನ್ನಡಕ ಹಾಕಿಕೊಂಡು ನೋಡಿ, ಗೆರೆ ಸೊಟ್ಟಾಗಿಲ್ಲ ಎಂದಳು.

ಮಳೆಗಾಲ ಹಿಡಿಯಿತು. ಒಂದು ಶುಕ್ರವಾರ, ಮಡಿಕೇರಿ ಸಂತೆಯಲ್ಲಿ ನಾಗರಾಜು ಅಂಗಿಯ ತೋಳು ಮಡಚಿಕೊಂಡು ಎಲೆಕೋಸಿನ ಮೂಟೆ ಇಳಿಸುತ್ತಿದ್ದ. ಎಳೆ ಬಿದಿರಿನ ಕಣಿಲೆಯ ಕಟ್ಟು ಮುಂದಿಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳು, ಐವತ್ತೈದರ ಆಸುಪಾಸಿನವಳು, ಎದ್ದು ಬಂದು ಅವನ ಪಕ್ಕದಲ್ಲಿ ನಿಂತಳು. ತಲೆಯ ಮೇಲೆ ಪ್ಲಾಸ್ಟಿಕ್ ಕೊಪ್ಪೆ, ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅಣ್ಣಾ, ಕೈ ಒಂದು ಸಲ ತೋರಿಸ್ತೀರಾ?"

ಇತ್ತೀಚೆಗೆ ಕೆಲವರು ಹೀಗೆ ಕೇಳುತ್ತಿದ್ದರು. ಅವನು ತೋಳು ತಿರುಗಿಸಿ ಹಿಡಿದ. ಅವಳು ಬಗ್ಗಿ ನೋಡಿದಳು. ಮೂಗಿನ ಮೇಲಿನ ಗೆರೆಯ ಹತ್ತಿರ ಬೆರಳು ತಂದು, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡಳು.

"ಇದು ಯಾರ ನಾಯಿ?"

"ನಮ್ಮದೇ. ತೀರಿಹೋಯ್ತು."

"ಬಾಲದ ತುದಿ ಬೆಳ್ಳಗೆ ಇತ್ತಾ ಇದಕ್ಕೆ?"

ನಾಗರಾಜು ತನ್ನ ಕೈಯನ್ನೇ ನೋಡಿಕೊಂಡ. ಟ್ಯಾಟೂವಿನಲ್ಲಿ ಬರೀ ಮುಖ ಇತ್ತು. ಮೇಸ್ತ್ರಿಯ ಬಾಲದ ತುದಿ ಸುಣ್ಣದಲ್ಲಿ ಅದ್ದಿದ ಹಾಗಿತ್ತು.

"ಇತ್ತು" ಎಂದ.

"ಆ ಗೆರೆ ಮುಳ್ಳುಹಂದಿ ಮುಳ್ಳಿನದು" ಎಂದಳು ಅವಳು. "ಏಲಕ್ಕಿ ತೋಟದಲ್ಲಿ ಮುಳ್ಳುಹಂದಿ ಹಿಡಿಯಲಿಕ್ಕೆ ಹೋಗಿ ಚುಚ್ಚಿಸಿಕೊಂಡು ಬಂದಿತ್ತು. ನನ್ನ ಗಂಡನೇ ಮುಳ್ಳು ಕಿತ್ತದ್ದು. ಇದು ನಮ್ಮ ಕೆಂಚ."

ಅವಳ ಹೆಸರು ಸರೋಜ. ಮಕ್ಕಂದೂರಿನ ಆಚೆ ಅವರ ಮನೆ, ಸ್ವಲ್ಪ ಕಾಫಿ ಏಲಕ್ಕಿ ಇತ್ತು. ಈಗ ಮಡಿಕೇರಿಯ ಹೊರಗೆ, ಮನೆ ಕಳೆದುಕೊಂಡವರಿಗೆ ಸರ್ಕಾರ ಕಟ್ಟಿಕೊಟ್ಟ ಬಡಾವಣೆಯಲ್ಲಿದ್ದಾರೆ. ಅಳಲಿಲ್ಲ ಅವಳು. ಕೆಂಚ ಎಷ್ಟು ವರ್ಷ ಬದುಕಿತು ಎಂದು ಕೇಳಿದಳು. ಈ ವರ್ಷದವರೆಗೂ ಇತ್ತು ಎಂದಾಗ ಮಳೆಯ ಕಡೆ ನೋಡಿದಳು.

ನಾಗರಾಜುವಿಗೆ ಒಳಗೊಳಗೇ ಅಳುಕು ಹುಟ್ಟಿತು. ಬೇರೆಯವರ ವಸ್ತುವನ್ನು ಇಷ್ಟು ವರ್ಷ ಇಟ್ಟುಕೊಂಡಂತೆ, ಇನ್ನೂ ಸ್ವಲ್ಪ ಹುಡುಕಬಹುದಿತ್ತೇನೋ ಎಂಬಂತೆ. "ನಾನು ವಿಚಾರಿಸ್ದೆ ಅಕ್ಕ, ಅವನು ಸಿಕ್ಕಿದ ಮಡಿಕೇರಿಯ ಪರಿಹಾರ ಕೇಂದ್ರದಲ್ಲಿ ಎಲ್ಲರ ಹತ್ರಾನೂ ಕೇಳ್ದೆ" ಎಂದ.

"ನಾವು ಅಲ್ಲಿ ಇರಲೇ ಇಲ್ಲ. ನಾವು ಗುಡ್ಡ ಹತ್ತಿ ಮಾದಾಪುರದ ಕಡೆ ಇಳಿದೆವು. ನಮ್ಮನ್ನು ಸುಂಟಿಕೊಪ್ಪದಲ್ಲಿ ಇಟ್ಟಿದ್ದರು. ಆಮೇಲೆ ಅಮ್ಮತ್ತಿಗೆ ಹೋದೆವು, ನಮ್ಮ ಬಾವ ಅಲ್ಲಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು." ಅವಳು ಕಣಿಲೆಯ ಕಟ್ಟನ್ನು ಪಕ್ಕದವಳಿಗೆ ನೋಡಿಕೊಳ್ಳಲು ಹೇಳಿ ಬಂದಳು. "ನಮ್ಮ ಮನೆವರೆಗೆ ಬರ್ತೀರಾ ಅಣ್ಣಾ? ಹತ್ತಿರವೇ. ಇವರಿಗೆ ಒಂದು ಸಲ ತೋರಿಸಬೇಕು."

ದಾರಿಯಲ್ಲಿ ಸರೋಜ ಉಳಿದದ್ದನ್ನು ಹೇಳಿದಳು. ಆ ಬೆಳಿಗ್ಗೆ ಮನೆಯ ಹಿಂದಿನ ಗುಡ್ಡದಿಂದ ಸದ್ದು ಬಂದಾಗ ಅವಳು ಮಗಳು ದಿವ್ಯಳ ಕೈ ಹಿಡಿದು ಮೇಲಕ್ಕೆ ಓಡಿದಳು. ಗಂಡ ಬೋಜಪ್ಪ ಹಿಂದಿನಿಂದ ಬಂದರು. ಅವರು ತಲೆ ತಿರುಗಿಸಿ ನೋಡುವಾಗ ಮನೆ ಇರಲಿಲ್ಲ. ಕೆಂಚನನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿದ್ದರು. ಆಗ ಪಿಯುಸಿ ಓದುತ್ತಿದ್ದ ದಿವ್ಯ, ಮರಿಯಿಂದ ಬಾಟಲಿ ಹಾಲು ಕುಡಿಸಿ ಸಾಕಿದವಳು, ಅಪ್ಪನ ಮುಖ ನೋಡಿ, ಅವನನ್ನು ಕಟ್ಟಿಹಾಕಿಯೇ ಬಂದಿರಲ್ಲ ಎಂದಳು. ತಾನು ಕತ್ತಿಯಲ್ಲಿ ಹಗ್ಗ ಕಡಿದೇ ಬಂದೆ ಎಂದು ಬೋಜಪ್ಪ ಹೇಳಿದರು. ಮಗಳು ನಂಬಲಿಲ್ಲ. ಕಡಿದಿದ್ದರೆ ಹಿಂದೆಯೇ ಬರುತ್ತಿತ್ತಲ್ಲ ಎಂದಳು.

"ನೀವು ನಂಬಿದ್ರಾ?" ಎಂದು ನಾಗರಾಜು ಕೇಳಿದ.

"ನಂಬಿದೆ ಅಂತ ಹೇಳಿದೆ" ಎಂದಳು ಸರೋಜ. "ದಿವ್ಯನಿಗೆ ಹುದಿಕೇರಿ ಹತ್ತಿರಕ್ಕೆ ಮದುವೆ ಆಗಿದೆ. ಬರ್ತಾಳೆ, ಹೋಗ್ತಾಳೆ, ಅಪ್ಪನ ಹತ್ತಿರ ಚೆನ್ನಾಗೇ ಮಾತಾಡ್ತಾಳೆ. ಆದರೂ ನಾಯಿ ಮಾತು ಬಂದರೆ ಇಬ್ಬರೂ ಎದ್ದು ಬೇರೆ ಬೇರೆ ಕಡೆ ಹೋಗ್ತಾರೆ."

ಬಡಾವಣೆಯಲ್ಲಿ ಒಂದೇ ಅಚ್ಚಿನ ಮನೆಗಳು, ಒಂದೊಂದರ ಮುಂದೂ ಒಂದೊಂದು ಬಗೆಯ ಗಿಡ. ಬೋಜಪ್ಪ ಜಗುಲಿಯಲ್ಲಿ ಕೂತು ಕತ್ತಿಯ ಹಿಡಿಗೆ ತಂತಿ ಸುತ್ತುತ್ತಿದ್ದರು. ಎತ್ತರದ ಮನುಷ್ಯ, ತಲೆ ಪೂರ್ತಿ ನರೆತಿತ್ತು. ಸರೋಜ ಗಾಡಿಯಿಂದ ಇಳಿಯುತ್ತಲೇ ತಮ್ಮ ಅರೆಭಾಷೆಯಲ್ಲಿ, "ಇಲ್ಲಿ ಬನ್ನಿ, ನಮ್ಮ ಕೆಂಚ ಇವರ ಕೈಲಿ ಉಟ್ಟು" ಎಂದಳು, ಕೈಯಲ್ಲಿ ಇದೆ ಎಂದು. ಅವರಿಗೆ ಅರ್ಥವಾಗಲಿಲ್ಲ. ನಾಗರಾಜು ಮೆಟ್ಟಿಲ ಮೇಲೆ ಕೂತು ಕೈ ಮುಂದೆ ಚಾಚಿದ.

ಬೋಜಪ್ಪ ಆ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು. ಅವರ ಉಸಿರು ನಾಗರಾಜುವಿನ ಮುಂಗೈಗೆ ತಾಗುತ್ತಿತ್ತು. ಸರೋಜ ನಿಂತಲ್ಲೇ ನಡೆದದ್ದನ್ನೆಲ್ಲ ಹೇಳಿದಳು. ಅವರು ಕೇಳಿದರೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದರು.

"ನಿಮಗೆ ಸಿಕ್ಕುವಾಗ ಕುತ್ತಿಗೆಯಲ್ಲಿ ಹಗ್ಗ ಇತ್ತಾ?"

ನಾಗರಾಜುವಿಗೆ ಅದು ಮರೆತಿರಲಿಲ್ಲ. ಮನೆಗೆ ಕರೆದೊಯ್ದು ಮೊದಲು ಬಿಚ್ಚಿದ್ದೇ ಅದನ್ನು. ಕೆಸರು ಒಣಗಿ ಗಂಟು ಕಲ್ಲಾಗಿತ್ತು, ಬಿಚ್ಚಲು ಬಹಳ ಹೊತ್ತು ಹಿಡಿದಿತ್ತು.

"ಇತ್ತು. ನೀಲಿ ನೈಲಾನ್ ಹಗ್ಗ, ಒಂದು ಮೊಳ ಇತ್ತೇನೋ. ತುದಿ ನೀಟಾಗಿ ಕಡಿದ ಹಾಗಿತ್ತು. ಹಲ್ಲಿಂದ ಕಚ್ಚಿದ್ರೆ ಎಳೆ ಎಳೆ ಬರ್ತದೆ, ಇದು ಹಂಗಿರ್ಲಿಲ್ಲ. ಯಾರೋ ಕಡಿದು ಬಿಟ್ಟವ್ರೆ ಅಂತ ಅವತ್ತೇ ನಮ್ಮವ್ವನ ಹತ್ರ ಹೇಳಿದ್ದೆ."

ಬೋಜಪ್ಪ ಕೈ ಬಿಡಲಿಲ್ಲ. ಹೆಂಡತಿಯ ಕಡೆಗೂ ನೋಡಲಿಲ್ಲ. ಸರೋಜ ಸೆರಗಿನಿಂದ ಮುಖ ಒರೆಸಿಕೊಂಡು, ಕಾಫಿ ಮಾಡುವುದಾಗಿ ಒಳಗೆ ಹೋದಳು. ಒಳಗೆ ಪಾತ್ರೆಯ ಸದ್ದೇನೂ ಕೇಳಲಿಲ್ಲ.

"ಅದು ಕೆಳಗೆ ಓಡಿತು" ಎಂದರು ಬೋಜಪ್ಪ. "ನಾನು ಮೇಲೆ ಓಡಿದೆ. ಕೂಗಿದೆ ನಾನು. ಆ ಸದ್ದಿನಲ್ಲಿ ಅದಕ್ಕೆ ಕೇಳಲಿಲ್ಲ. ಎರಡು ವರ್ಷದ ನಾಯಿ, ಅದಕ್ಕೇನು ಗೊತ್ತಾಗುತ್ತೆ."

ಸ್ವಲ್ಪ ಹೊತ್ತಿಗೆ ಸರೋಜ ಬಂದಳು. ಕೈಯಲ್ಲಿ ಕಾಫಿಯ ಬದಲು ಫೋನ್ ಇತ್ತು, ಆಗಲೇ ಮಗಳಿಗೆ ಕರೆ ಮಾಡಿದ್ದಳು. ಗಂಡನ ಕೈಗೆ ಕೊಟ್ಟಳು. ಬೋಜಪ್ಪ ಅದನ್ನು ಕಿವಿಗಿಟ್ಟು, "ದಿವ್ಯಾ" ಎಂದರು. ಕೂಡಲೇ ಫೋನನ್ನು ನಾಗರಾಜುವಿನ ಕಡೆ ಚಾಚಿ, "ನೀವೇ ಹೇಳಿ" ಎಂದರು.

ನಾಗರಾಜು ಮೊದಲಿನಿಂದ ಹೇಳಿದ. ಹಗ್ಗದ ವಿಷಯಕ್ಕೆ ಬಂದಾಗ ದಿವ್ಯ, ಇನ್ನೊಂದು ಸಲ ಹೇಳಿ ಅಣ್ಣಾ ಎಂದಳು. ಅವನು ಇನ್ನೊಂದು ಸಲ ಹೇಳಿದ. ಆಮೇಲೆ, "ಅಪ್ಪನಿಗೆ ಕೊಡಿ" ಎಂದಳು. ಬೋಜಪ್ಪ ಫೋನ್ ಹಿಡಿದು ಅಂಗಳಕ್ಕಿಳಿದು, ಮಳೆ ನಿಂತಿರದಿದ್ದರೂ ಪಪ್ಪಾಯಿ ಗಿಡದ ಬುಡದವರೆಗೆ ನಡೆದರು. ಬೆನ್ನು ಮಾತ್ರ ಕಾಣುತ್ತಿತ್ತು. ಕೊಡೆ ಕೊಡಲು ಹೊರಟ ನಾಗರಾಜುವನ್ನು ಸರೋಜ ಸನ್ನೆಯಲ್ಲೇ ತಡೆದಳು.

ಕಾಫಿ ಕುಡಿಯುವಾಗ ಅವರಿಬ್ಬರೂ ಮರಿಯ ಕಾಲದ್ದನ್ನೆಲ್ಲ ಹೇಳಿದರು. ಮೊಟ್ಟೆ ಕದಿಯುತ್ತಿದ್ದದ್ದು, ದಿವ್ಯಳ ಜೊತೆ ಬಸ್ ಸ್ಟ್ಯಾಂಡಿಗೆ ಹೋಗಿ ಬಸ್ ಹತ್ತಿಬಿಡುತ್ತಿದ್ದದ್ದು, ಕಂಡಕ್ಟರ್ ಇಳಿಸುತ್ತಿದ್ದದ್ದು. ಗಾಡಿಯ ಸೀಟು ಹತ್ತಿ ಕೂತದ್ದು ಯಾಕೆಂದು ನಾಗರಾಜುವಿಗೆ ಆಗ ತಿಳಿಯಿತು. ಅವನೂ ಹೇಳಿದ. ಬೀಡಿ ಹಚ್ಚಿದವರ ಎದುರು ನಿಲ್ಲುತ್ತಿದ್ದ ಮೇಸ್ತ್ರಿಯ ಕಥೆ ಕೇಳಿ ಬೋಜಪ್ಪ ನಕ್ಕರು. ಹೊರಡುವಾಗ ಸರೋಜ ಮನೆಯಲ್ಲಿದ್ದ ಒಂದು ಕಟ್ಟು ಕಣಿಲೆ ಗಾಡಿಯಲ್ಲಿಟ್ಟಳು. ಬೋಜಪ್ಪ ಕತ್ತಲಾಗುವ ಮುಂಚೆ ಮನೆ ಸೇರಿಕೊಳ್ಳಿ ಎಂದರು.

ಮಳೆ ಬಿಟ್ಟು ದಾರಿ ಒಣಗಿದ ಮೇಲೆ ಒಂದು ಭಾನುವಾರ ಸರೋಜ, ಬೋಜಪ್ಪ, ದಿವ್ಯ ಮೂವರೂ ನಾಗರಾಜುವಿನ ಊರಿಗೆ ಬಂದರು. ದಿವ್ಯ ಏಳು ತಿಂಗಳ ಬಸುರಿ, ನಿಧಾನವಾಗಿ ನಡೆಯುತ್ತಿದ್ದಳು. ಅಪ್ಪ ಅವಳ ಮೊಣಕೈ ಹಿಡಿದುಕೊಂಡು ಹೊಲದ ಬದುವಿನ ಮೇಲೆ ಕರೆದೊಯ್ದರು. ಜೋಳ ಮುರಿದಾಗಿತ್ತು. ಮಣ್ಣು ಮಾಡಿದ ಜಾಗದಲ್ಲಿ ಹುಲ್ಲು ಬೆಳೆದು ಗುರುತೇ ಸಿಗುತ್ತಿರಲಿಲ್ಲ, ನಾಗರಾಜುವೇ ತೋರಿಸಬೇಕಾಯಿತು. ಅಪ್ಪ ಮಗಳು ಅಲ್ಲಿ ಜೊತೆಯಲ್ಲೇ ನಿಂತರು. ನಾಗರಾಜು ಗೇಟು ಸರಿಪಡಿಸುವ ನೆಪ ಮಾಡಿಕೊಂಡು ದೂರ ಬಂದ.

ಮನೆಯಲ್ಲಿ ಹುಚ್ಚಮ್ಮ, ಸರೋಜ ಇಬ್ಬರೂ ಆಗಲೇ ಬಸುರಿಗೆ ಏನು ಕೊಡಬೇಕು, ಏನು ಕೊಡಬಾರದು ಎಂಬ ಚರ್ಚೆಯಲ್ಲಿದ್ದರು. ಮಾನಸ ಕೋಳಿ ಸಾರು ಮಾಡಿ ಮುದ್ದೆ ತಿರುವುತ್ತಿದ್ದಳು. ಊಟಕ್ಕೆ ಕೂತಾಗ ದಿವ್ಯ, ಕೈ ಕೊಡಿ ಅಣ್ಣಾ ಎಂದು ನಾಗರಾಜುವಿನ ಎಡಗೈ ಎಳೆದುಕೊಂಡಳು. ಹತ್ತಿರದಿಂದ ನೋಡಿದಳು, ಸ್ವಲ್ಪ ದೂರ ಹಿಡಿದು ನೋಡಿದಳು.

"ಕಣ್ಣು ಸ್ವಲ್ಪ ದೊಡ್ಡದಾಗಿದೆ" ಎಂದಳು.

"ಅದನ್ನೇ ನಾನೂ ಹೇಳಿದ್ದು" ಎಂದಳು ಮಾನಸ ಒಲೆಯ ಹತ್ತಿರದಿಂದ. "ನನ್ನ ಮಾತು ಯಾರು ಕೇಳ್ತಾರೆ. ಮೊದಲು ಊಟ ಮಾಡಿ, ಮುದ್ದೆ ಆರ್ತದೆ."